ವಾಸನೆ ಇಲ್ಲದ ವರ್ಷದ ಉಪ್ಪಿನಕಾಯಿ

ಕಳೆದ ತಿಂಗಳು ಮೂಡುಬಿದಿರೆಯಲ್ಲಿ ನಮ್ಮವರ ಅಕ್ಕನ ಮಗಳ ಮನೆ ಒಕ್ಕಲಿಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಪರಿಚಯವಿಲ್ಲದ ಹೆಂಗಸೊಬ್ಬರು ಕುಳಿತಿದ್ದರು. ಬಡಿಸುವವರು ಉಪ್ಪಿನಕಾಯಿ ತಂದಾಗ ಅವರು ಎಲೆಗೆ ಕೈ ಅಡ್ಡ ಹಿಡಿದು, "ನನಗೆ ಬೇಡ. ಹಾಕಿದರೂ ಒಂದೇ, ಹಾಕದಿದ್ದರೂ ಒಂದೇ" ಎಂದರು. ಕೊರೋನಾ ಬಂದು ಹೋದ ಮೇಲೆ ಅವರಿಗೆ ಯಾವುದರ ವಾಸನೆಯೂ ಸರಿಯಾಗಿ ತಿಳಿಯುವುದಿಲ್ಲವಂತೆ. "ಎಂತ ಮಾಡುವುದು, ಅಭ್ಯಾಸ ಆಗಿಹೋಗಿದೆ" ಎಂದು ನಕ್ಕರು.

ಆ ನಗು ನನಗೆ ಸಹಿಸಲಾಗಲಿಲ್ಲ. "ಅಭ್ಯಾಸ ಮಾಡಿಕೊಳ್ಳಬೇಡಿ" ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ, ಎದುರಿನ ಸಾಲಿನವರು ತಲೆಯೆತ್ತಿ ನೋಡಿದರು. ಬಡಿಸುವವನನ್ನು ಕರೆದು ಅವರ ಎಲೆಗೆ ಉಪ್ಪಿನಕಾಯಿ ಹಾಕಿಸಿದೆ. ಪಾಯಸ ಬರುವ ಹೊತ್ತಿಗೆ ನನ್ನದೇ ಕತೆಯನ್ನು ಅರ್ಧದಷ್ಟು ಹೇಳಿದ್ದೆ. ಉಳಿದರ್ಧವನ್ನು ಹೇಳಲು ಅವರ ಬಸ್ಸಿನ ಹೊತ್ತು ಬಿಡಲಿಲ್ಲ. ಅದಕ್ಕೇ ಕುಳಿತು ಇದನ್ನು ಬರೆಯುತ್ತಿದ್ದೇನೆ.

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ರಸ್ತೆಯಲ್ಲಿ, ಧರ್ಮಸ್ಥಳದ ಬಸ್ಸುಗಳು ನಿಲ್ಲದೆ ಓಡುವ ಒಂದು ಸಣ್ಣ ಜಂಕ್ಷನಿನಲ್ಲಿ ನಮ್ಮದೊಂದು ಗಂಜಿ ಹೋಟೆಲು ಇದೆ, ಅದಕ್ಕೆ ತಾಗಿಯೇ ಮನೆ. ಬೋರ್ಡಿನಲ್ಲಿ ಬೇರೆ ಹೆಸರಿದ್ದರೂ ಎಲ್ಲರೂ ಕರೆಯುವುದು ನನ್ನ ಹೆಸರಿನಲ್ಲಿ, ಸರೋಜಕ್ಕನ ಹೋಟೆಲೆಂದೇ. ಕುಚ್ಚಲಕ್ಕಿ ಗಂಜಿ, ಒಂದು ಪಲ್ಯ, ಒಣಮೀನಿನ ಚಟ್ನಿ, ಮಿಡಿ ಉಪ್ಪಿನಕಾಯಿ. ಗಂಜಿ ಎಲ್ಲಿಯೂ ಸಿಗುತ್ತದೆ. ಜನ ಲಾರಿ ನಿಲ್ಲಿಸಿ, ಬೈಕು ತಿರುಗಿಸಿ ನಮ್ಮಲ್ಲಿಗೆ ಬರುತ್ತಿದ್ದುದು ಉಪ್ಪಿನಕಾಯಿಗೆ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ಹೋಟೆಲು ಶುರು ಮಾಡಿದ್ದು ನನ್ನ ಅತ್ತೆ. ಅವರ ಅಜ್ಜಿಯ ಕಾಲದಲ್ಲಿ ಉಪ್ಪು ಬರುತ್ತಿದ್ದುದು ನೇತ್ರಾವತಿಯಲ್ಲಿ, ದೋಣಿಯ ಮೇಲೆ, ಬಂಟ್ವಾಳ ಪೇಟೆಯವರೆಗೆ ಎಂದು ಅತ್ತೆ ಹೇಳುತ್ತಿದ್ದರು. ಅಲ್ಲಿಂದ ಘಟ್ಟದ ಬುಡದ ಊರುಗಳಿಗೆ ತಲೆಹೊರೆ. ಭರಣಿಗಳೂ ಅದೇ ದೋಣಿಗಳಲ್ಲಿ, ಬೈಹುಲ್ಲಿನ ನಡುವೆ ಕುಳಿತು ಬರುತ್ತಿದ್ದವಂತೆ. ಮಳೆ ಹಿಡಿದು ಹೊಳೆ ತುಂಬಿದರೆ ದೋಣಿ ಇಲ್ಲ, ಹಿತ್ತಲಲ್ಲಿ ತರಕಾರಿಯೂ ಇಲ್ಲ. ಹಾಗಾಗಿ ಬೇಸಗೆಯಲ್ಲೇ ಕಾಡಿನ ಮಿಡಿ, ಕರಂಡೆ, ಅಂಬಟೆ, ಬಿಂಬುಳಿ, ಕಣಿಲೆ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಉಪ್ಪಿಗೆ ಹಾಕುತ್ತಿದ್ದರು. "ಮಳೆ ನಾಲ್ಕು ತಿಂಗಳು ಎಂತದೂ ಬೆಳೆಯಲಿಕ್ಕೆ ಬಿಡುವುದಿಲ್ಲ. ಅದಕ್ಕಾಗಿ ನಾವು ಊಟ ಬಿಡಬೇಕಾ?" ಎಂದು ಅತ್ತೆ ಕೇಳುತ್ತಿದ್ದರು, ಆ ಮಳೆ ಎದುರಿಗೇ ನಿಂತಿದೆಯೇನೋ ಎಂಬಂತೆ. ಉಪ್ಪಿನಕಾಯಿಯನ್ನು ಊಟದ ಬದಿಯ ಪದಾರ್ಥ ಎನ್ನುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಅವರು ನನಗೆ ಅಳತೆ ಕಲಿಸಲಿಲ್ಲ. ಮದುವೆಯಾಗಿ ಬಂದ ಮೊದಲ ವರ್ಷ ನಾನು ಎಷ್ಟು ಸಾಸಿವೆ, ಎಷ್ಟು ಮೆಣಸು ಎಂದು ಕೇಳಿದಾಗ, ರುಬ್ಬುವ ಕಲ್ಲಿನ ಮೇಲೆ ನನ್ನ ತಲೆ ಬಗ್ಗಿಸಿ, "ಮೂಗನ್ನು ಕೇಳು" ಎಂದರು. ಸಾಸಿವೆ ಹಸಿ ವಾಸನೆ ಬಿಟ್ಟು ಖಾರದ ವಾಸನೆಗೆ ತಿರುಗುವ ಒಂದು ಗಳಿಗೆ ಇದೆ. ಅದಕ್ಕಿಂತ ಮೊದಲು ನಿಲ್ಲಿಸಿದರೆ ಉಪ್ಪಿನಕಾಯಿ ಕಹಿ, ತಡವಾದರೆ ಮಿಡಿಯ ಪರಿಮಳ ಸಾಸಿವೆಯ ಅಡಿಗೆ ಬಿದ್ದು ಸಾಯುತ್ತದೆ. ಆ ಗಳಿಗೆಯನ್ನು ಹಿಡಿಯಲು ನನಗೆ ಎಷ್ಟೋ ವರ್ಷ ಬೇಕಾಯಿತು. ಹಿಡಿದ ಮೇಲೆ ಅದು ನನ್ನದಾಯಿತು. ಅತ್ತೆ ತೀರಿಕೊಂಡಾಗ, ಅವರು ಹೋದರು, ಉಪ್ಪಿನಕಾಯಿ ಹೋಗಲಿಲ್ಲ ಎಂದು ಗಿರಾಕಿಗಳೇ ಹೇಳಿದ್ದರು.

ಕೊರೋನಾದ ಎರಡನೇ ವರ್ಷ. ಬೇಸಗೆಯ ಆರಂಭದಲ್ಲಿ ಎಲ್ಲ ಮುಗಿದೇ ಹೋಯಿತೆಂದು ನಂಬಿದ್ದೆವು. ಹೋಟೆಲಿನಲ್ಲಿ ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು ಜನ ಧಾರಾಳವಾಗಿ ಮಾತಾಡುತ್ತಿದ್ದರು. ನೆರಿಯದ ಸೇಸಪ್ಪಣ್ಣ ಎಂದಿನಂತೆ ಕಾಡುಮಾವಿನ ಮಿಡಿ ತಂದರು. ಅವರು ಮರದಿಂದ ಮಿಡಿ ಉದುರಿಸುವುದಿಲ್ಲ, ಗೊಂಚಲನ್ನು ಬುಟ್ಟಿಯಲ್ಲಿ ಇಳಿಸುತ್ತಾರೆ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಭರಣಿಯಲ್ಲಿ ಕೊಳೆಯುತ್ತದೆ. ತೊಟ್ಟು ಸ್ವಲ್ಪ ಉಳಿಸಬೇಕು, ಸೊನೆ ಹರಿದು ಹೋಗಬಾರದು. ಪರಿಮಳ ಇರುವುದೇ ಆ ಸೊನೆಯಲ್ಲಿ. ಬುಟ್ಟಿಯ ಬಟ್ಟೆ ತೆಗೆದಾಗ ಹೋಟೆಲಿನ ಒಳಗೆಲ್ಲ ಆ ವಾಸನೆ ಹರಡಿತು, ಗಂಜಿ ಉಣ್ಣುತ್ತಿದ್ದವರು ತಿರುಗಿ ನೋಡಿದರು. ಆ ವರ್ಷ ನಾನು ಮೂಗಿನಿಂದ ಮಾಡಿದ ಕೊನೆಯ ಕೆಲಸ ಅದು. ಮಿಡಿಗಳನ್ನು ಒರೆಸಿ, ಕಲ್ಲುಪ್ಪು ಸುರಿದು, ಭರಣಿಗಳ ಬಾಯಿಗೆ ಬಟ್ಟೆ ಕಟ್ಟಿ ಉಗ್ರಾಣದಲ್ಲಿ ಸಾಲಾಗಿ ಇಟ್ಟೆ.

ಆಮೇಲೆ ಜ್ವರ ಬಂತು. ಮೊದಲು ನಮ್ಮವರಿಗೆ, ಮರುದಿನ ನನಗೆ. ಅಷ್ಟರಲ್ಲಿ ಲಾಕ್‌ಡೌನ್ ಆಗಿ ಹೋಟೆಲಿನ ಬಾಗಿಲು ಹೇಗೂ ಮುಚ್ಚಿತ್ತು. ಆಶಾ ಕಾರ್ಯಕರ್ತೆ ಗೇಟಿನ ಹೊರಗೆ ನಿಂತು ಮಾತ್ರೆ ಇಟ್ಟು ಹೋದಳು. ಪಕ್ಕದ ಮನೆಯ ಮೈಮುನಕ್ಕ ದಿನಾ ಕಂಪೌಂಡಿನ ಗೋಡೆಯ ಮೇಲೆ ಗಂಜಿಯ ಪಾತ್ರೆ ಇಟ್ಟು, "ಸರೋಜಾ, ಇಟ್ಟಿದ್ದೇನೆ" ಎಂದು ಕೂಗಿ ಹಿಂದೆ ಸರಿಯುತ್ತಿದ್ದರು. ಮೈಮುನಕ್ಕ ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಂ ಸಮುದಾಯದವರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಗಂಡ ತೀರಿಕೊಂಡು ಬಹಳ ವರ್ಷವಾಗಿದೆ, ಮಗ ಸೌದಿಯ ದಮ್ಮಾಮಿನಲ್ಲಿ. ನಾವಿಬ್ಬರು ಮಾತಾಡುವುದು ತುಳುವಿನಲ್ಲಿ, ಇಲ್ಲಿ ನಾನದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ.

ಜ್ವರ ಬಿಟ್ಟಿತು, ನಿತ್ರಾಣ ಉಳಿಯಿತು. ಒಂದು ಬೆಳಿಗ್ಗೆ ಹಾಲು ಕಾಯಲು ಇಟ್ಟು ಒಲೆಯ ಪಕ್ಕದ ಸ್ಟೂಲಿನಲ್ಲೇ ಕುಳಿತಿದ್ದೆ. ಕಿಟಕಿಯ ಹೊರಗೆ ನೋಡುತ್ತಿದ್ದಿರಬೇಕು. ನಮ್ಮವರು ಒಳಗಿನ ಕೋಣೆಯಿಂದ ಕೆಮ್ಮುತ್ತಾ ಬಂದು ಗ್ಯಾಸ್ ಬಂದ್ ಮಾಡಿದರು.

"ಎಂತ ಮಾರಾಯ್ತಿ, ಪಾತ್ರೆ ಸುಟ್ಟು ಕರಿಯಾಗಿದೆ. ನಿನಗೆ ವಾಸನೆ ಬರಲಿಲ್ಲವಾ?"

ಬರಲಿಲ್ಲ. ತಿರುಗಿ ನೋಡಿದರೆ ಹೊಗೆ ಕಣ್ಣಿಗೆ ಕಾಣುತ್ತಿತ್ತು, ಮೂಗಿಗೆ ಏನೂ ಇಲ್ಲ. ನಾನು ಎದ್ದು ನೇರ ಉಗ್ರಾಣಕ್ಕೆ ಹೋಗಿ ಇಂಗಿನ ಡಬ್ಬಿ ತೆಗೆದು ಮೂಗಿಗೆ ಹಿಡಿದೆ. ಒಂದು ಭರಣಿಯ ಬಟ್ಟೆ ಬಿಚ್ಚಿ ತಲೆಯನ್ನೇ ಒಳಗೆ ತೂರಿಸಿದೆ. ಒಳಗೆ ಮಿಡಿಗಳು ಸುಕ್ಕುಗಟ್ಟಿ, ತಮ್ಮದೇ ನೀರಿನಲ್ಲಿ ಮುಳುಗಿ ಕುಳಿತಿದ್ದವು. ಅದು ಖಾಲಿ ಭರಣಿಯಾಗಿದ್ದರೂ ನನಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಫೋನಿನಲ್ಲಿ ಮಾತಾಡಿದ ಡಾಕ್ಟರು, "ಬರ್ತದೆ, ಕಾಯಬೇಕು. ಕೆಲವರಿಗೆ ವಾರ, ಕೆಲವರಿಗೆ ತಿಂಗಳು. ದಿನಾ ಬೇರೆ ಬೇರೆ ವಸ್ತು ಮೂಸಿ ನೋಡ್ತಾ ಇರಿ" ಎಂದರು. ಕಾಯುವುದು ಸರಿ. ಆದರೆ ಉಪ್ಪಿಗೆ ಹಾಕಿದ ಮಿಡಿ ನನ್ನ ಮೂಗಿಗಾಗಿ ಕಾಯಬೇಕಲ್ಲ. ಅದಕ್ಕೆ ಖಾರ ಬೀಳಬೇಕು.

ಸುದ್ದಿ ತಿಳಿದು ಬಂಟ್ವಾಳದಿಂದ ನಾದಿನಿ ವನಜ ಫೋನ್ ಮಾಡಿದಳು. ಅವಳು ಒಳ್ಳೆಯವಳೇ. "ಅತ್ತಿಗೆ, ಒಂದು ವರ್ಷ ಬಿಟ್ಟುಬಿಡಿ. ಈಗ ಕಂಪೆನಿಯದ್ದೇ ಎಷ್ಟು ಚೆನ್ನಾಗಿ ಬರ್ತದೆ. ಡಬ್ಬಿಯಿಂದ ತೆಗೆದು ಭರಣಿಗೆ ಹಾಕಿ ಇಟ್ಟರೆ ಯಾರಿಗೆ ಗೊತ್ತಾಗ್ತದೆ?"

"ನನಗೆ ಗೊತ್ತಾಗ್ತದೆ" ಎಂದೆ.

"ನಿಮಗೆ ಈಗ ವಾಸನೆಯೇ ಇಲ್ಲವಲ್ಲ."

ಅವಳು ಕುಚೋದ್ಯಕ್ಕೆ ಹೇಳಿದ್ದಲ್ಲ. ಆದರೂ ಆ ಮಾತು ನನ್ನ ಒಳಗೆ ಎಲ್ಲೋ ಹೋಗಿ ಚುಚ್ಚಿತು. ನಮ್ಮವರೂ ಸಂಜೆ ಅದನ್ನೇ ಮೆತ್ತಗೆ ಹೇಳಿದರು. "ನೀನು ಬಚ್ಚಿದ್ದೀ, ಮೈಯಲ್ಲಿ ತ್ರಾಣ ಇಲ್ಲ. ಈ ಸಲ ಪ್ಯಾಕೆಟ್ ತರುವ. ಮುಂದಿನ ವರ್ಷ ನೋಡುವ." ಎಲ್ಲರ ಮಾತಿನಲ್ಲಿಯೂ ಒಂದು ಕರುಣೆ ಇತ್ತು. ಜ್ವರದಲ್ಲಿ ಮಲಗಿದ್ದಾಗ ಆ ಕರುಣೆ ಬೇಕೆನಿಸಿತ್ತು. ಈಗ ಅದು ನನ್ನನ್ನು ಅಡುಗೆಮನೆಯಿಂದ ಹೊರಗೆ ದೂಡುವ ಹಾಗೆ ಕಂಡಿತು.

"ಹೋದದ್ದು ಮೂಗು. ಕೈ ಹೋಗಲಿಲ್ಲ" ಎಂದು ಹೇಳಿ ಮರುದಿನ ಬೆಳಿಗ್ಗೆ ಸಾಸಿವೆ ಬಿಸಿಲಿಗೆ ಹಾಕಿದೆ.

ಮೊದಲ ಭರಣಿಯನ್ನು ಒಬ್ಬಳೇ ಮಾಡಿದೆ. ಬ್ಯಾಡಗಿ ಮೆಣಸು ಬಣ್ಣಕ್ಕೆ, ಕುಮ್ಟೆ ಮೆಣಸು ಖಾರಕ್ಕೆ, ಸಾಸಿವೆ, ಅರಸಿನ. ಮಿಡಿ ಬಿಟ್ಟ ಉಪ್ಪುನೀರಿನಲ್ಲೇ ಇದೆಲ್ಲವನ್ನೂ ರುಬ್ಬಬೇಕು. ಗ್ರೈಂಡರ್ ತಿರುಗುತ್ತಿದ್ದಂತೆ ಕಣ್ಣಿನಲ್ಲಿ ನೀರು ಬಂತು, ಮೂಗಿನೊಳಗೆ ಉರಿಯಿತು. ಒಂದು ಕ್ಷಣ ವಾಸನೆ ತಿರುಗಿ ಬಂತೆಂದೇ ತಿಳಿದೆ. ಇಲ್ಲ, ಬರೀ ಉರಿ. ಸಾಸಿವೆ ನನ್ನನ್ನು ಮುಟ್ಟುತ್ತಿತ್ತು, ಮಾತಾಡುತ್ತಿರಲಿಲ್ಲ. ಬಣ್ಣ ನೋಡಿ, ಬೆರಳಿನ ನಡುವೆ ತಿಕ್ಕಿ, ನಾಲಿಗೆಗೆ ಉಪ್ಪು ಖಾರ ಹಚ್ಚಿ ಅಂದಾಜಿನಲ್ಲಿ ನಿಲ್ಲಿಸಿದೆ. ಮಧ್ಯಾಹ್ನ ನಮ್ಮವರಿಗೆ ಬಡಿಸಿದೆ.

"ಹೇಗುಂಟು?"

"ಚೆನ್ನಾಗಿ ಉಂಟು" ಎಂದರು. ಇನ್ನೊಂದು ಮಿಡಿಯನ್ನೂ ಹಾಕಿಸಿಕೊಂಡರು. ಮರುದಿನವೂ ತಿಂದರು.

ಪ್ರತಿ ವರ್ಷ ಹೊಸ ಉಪ್ಪಿನಕಾಯಿಯ ಒಂದು ಬಟ್ಟಲು ಮೈಮುನಕ್ಕನ ಮನೆಗೆ ಹೋಗುವುದು ರೂಢಿ. ಅವರಿಂದ ಲಿಂಬೆಯದು, ಹಬ್ಬದ ದಿನ ತುಪ್ಪದನ್ನದ ನೈಚೋರು ಬರುವುದೂ ರೂಢಿಯೇ. ಬಟ್ಟಲು ಕೊಟ್ಟು ಬಂದೆ. ಸಂಜೆ ಅವರು ಅದೇ ಬಟ್ಟಲು ಹಿಡಿದು ಗೋಡೆಯ ಬಳಿ ಬಂದು ನಿಂತರು. ಬಟ್ಟಲು ಖಾಲಿಯಾಗಿರಲಿಲ್ಲ. ಮಳೆ ಬರ್ತದಾ, ನಿಮ್ಮವರ ಕೆಮ್ಮು ಹೇಗುಂಟು ಎಂದೆಲ್ಲ ಕೇಳಿದರು. ಆಮೇಲೆ ಬಟ್ಟಲನ್ನು ಗೋಡೆಯ ಮೇಲಿಟ್ಟರು.

"ಸರೋಜಾ, ಬೇಜಾರು ಮಾಡಬೇಡ. ಇದು ಹಾಳಾಗಿದೆ. ಮುಗ್ಗಲು ವಾಸನೆ ಉಂಟು."

"ಸಾಸಿವೆಯದ್ದಾ?"

"ಅಲ್ಲ. ಮಿಡಿಯದ್ದೇ. ನೀರು ಕೆಟ್ಟಿದೆ. ನಾನು ಬಾಯಿಗೆ ಹಾಕಲಿಲ್ಲ, ಮೂಸಿ ಇಟ್ಟೆ."

ಒಳಗೆ ಓಡಿ ಭರಣಿಗೆ ಕೈ ಹಾಕಿದೆ. ಮೇಲಿನ ಮಿಡಿಗಳು ಗಟ್ಟಿಯಾಗಿದ್ದವು. ತಳಕ್ಕೆ ಕೈ ಹೋದಾಗ ಬೆರಳಿಗೆ ಮೆತ್ತಗಿನ ಲೋಳೆ ಸಿಕ್ಕಿತು. ನಾನು ಮಲಗಿದ್ದ ದಿನಗಳಲ್ಲಿ ಆ ಭರಣಿಯ ಬಾಯಿಯ ಬಟ್ಟೆ ಸಡಿಲವಾಗಿರಬೇಕು. ಮೂಗು ಇದ್ದಿದ್ದರೆ ಉಗ್ರಾಣದ ಬಾಗಿಲಿನಲ್ಲೇ ಗೊತ್ತಾಗುತ್ತಿತ್ತು.

ನಮ್ಮವರು ಜಗಲಿಯಲ್ಲಿ ಪೇಪರ್ ಓದುತ್ತಾ ಕುಳಿತಿದ್ದರು.

"ನಿಮಗೆ ವಾಸನೆ ಇದೆಯಲ್ಲ?" ಎಂದು ಕೇಳಿದೆ.

ಅವರು ಪೇಪರ್ ಇಳಿಸಲಿಲ್ಲ.

"ಇದೆಯಲ್ಲ? ಹಾಲು ಸುಟ್ಟದ್ದು ಗೊತ್ತಾದವರಿಗೆ ಇದು ಗೊತ್ತಾಗಲಿಲ್ಲವಾ? ಎರಡು ದಿನ ಕೊಳೆತದ್ದನ್ನು ಚೆನ್ನಾಗಿ ಉಂಟು ಅಂತ ತಿಂದಿರಾ?"

"ನಿನಗೆ ಬೇಸರ ಆಗ್ತದೆ ಅಂತ..." ಎಂದರು.

ಮೂವತ್ತು ವರ್ಷಗಳ ಸಂಸಾರದಲ್ಲಿ ಅವರ ಮೇಲೆ ಅಷ್ಟು ಸಿಟ್ಟು ನನಗೆ ಬಂದದ್ದಿಲ್ಲ. ಬೈದಿದ್ದರೆ, ತಟ್ಟೆಯನ್ನು ಅಂಗಳಕ್ಕೆ ಎಸೆದಿದ್ದರೆ ಸಹಿಸುತ್ತಿದ್ದೆ. ಹೊಟ್ಟೆ ಹಾಳಾದರೂ ಪರವಾಗಿಲ್ಲ, ಹೆಂಡತಿಗೆ ನಿಜ ಹೇಳಬಾರದು ಎಂದು ಅವರು ತೀರ್ಮಾನ ಮಾಡಿದ್ದರು. ನಾಳೆ ಹೋಟೆಲು ತೆರೆದ ಮೇಲೆ ಗಿರಾಕಿಗಳೂ ಹೀಗೆಯೇ, ಪಾಪ ಸರೋಜಕ್ಕ ಎಂದು ನುಂಗಿ, ಕೈತೊಳೆದು, ಮತ್ತೆ ಬರದೆ ಇರುತ್ತಿದ್ದರು. ಭರಣಿಯನ್ನು ಸೊಂಟಕ್ಕೆ ಏರಿಸಿಕೊಂಡು ಹಿತ್ತಲಿಗೆ ಹೋಗಿ ಎಲ್ಲವನ್ನೂ ಹೊಂಡಕ್ಕೆ ಸುರಿದೆ. ಅವರು ಹಿಂದಿನಿಂದ ಬಂದರು. "ನಾನು ಹಿಡೀತೇನೆ" ಎಂದರು. "ಬೇಡ" ಎಂದೆ.

ಕೈಕಾಲು ತೊಳೆದು ನೇರ ಮೈಮುನಕ್ಕನ ಮನೆಗೆ ಹೋದೆ.

"ಉಳಿದ ಭರಣಿಗಳನ್ನು ನೀವು ಮೂಸಿ ಹೇಳಬೇಕು. ಮಸಾಲೆ ರುಬ್ಬುವಾಗಲೂ ಪಕ್ಕದಲ್ಲಿ ಕೂರಬೇಕು."

ಅವರು ತಲೆಯ ಮೇಲಿನ ಸೆರಗು ಸರಿಮಾಡುತ್ತಾ ನಕ್ಕರು. "ನಾನೆಂತ ಮಾಡುವುದು ಮಾರಾಯ್ತಿ? ನನ್ನದು ಲಿಂಬೆ, ಮೀನು, ಸಿಗಡಿ. ನಿಮ್ಮ ಮಿಡಿಯ ಹದ ನನಗೆಲ್ಲಿ ಗೊತ್ತುಂಟು?"

"ತಿನ್ನಲಿಕ್ಕೆ ಗೊತ್ತುಂಟಲ್ಲ? ನನ್ನ ಅತ್ತೆ ಇದ್ದಾಗಿನಿಂದ ತಿಂದಿದ್ದೀರಿ. ಆ ವಾಸನೆ ನಿಮಗೆ ನೆನಪಿಲ್ಲವಾ?"

ಅತ್ತೆಗೂ ಅವರಿಗೂ ಒಳ್ಳೆಯ ಬಳಕೆ ಇತ್ತು. "ನೆನಪುಂಟು" ಎಂದರು. "ಆದರೆ ನಾನು ಕಂಡದ್ದನ್ನು ಹೇಳುವವಳು. ಮತ್ತೆ ನೀನು ಮುಖ ಸಣ್ಣ ಮಾಡಬಾರದು."

"ಸುಳ್ಳು ಹೇಳುವವರು ನಮ್ಮ ಮನೆಯಲ್ಲೇ ಇದ್ದಾರೆ. ನೀವು ನಿಜ ಹೇಳಿ."

ಅವರು ಬಂದರು. ಎರಡೂ ಡೋಸ್ ಲಸಿಕೆ ಆಗಿತ್ತು, ಮಾಸ್ಕ್ ಹಾಕಿಯೇ ಬಂದರು. ಉಗ್ರಾಣದಲ್ಲಿ ಮಾಸ್ಕನ್ನು ಇಳಿಸಿ ಒಂದೊಂದೇ ಭರಣಿಯ ಮೇಲೆ ಬಗ್ಗಿದರು. "ಇದು ಒಳ್ಳೆಯದು. ಇದೂ ಒಳ್ಳೆಯದು. ಇದು..." ಎಂದು ನಿಲ್ಲಿಸಿ ಮತ್ತೊಮ್ಮೆ ಬಗ್ಗಿ, "ಇದೂ ಒಳ್ಳೆಯದೇ. ಸೊನೆ ಜಾಸ್ತಿ" ಎಂದರು. ಹಾಳಾದದ್ದು ನಾನು ಚೆಲ್ಲಿದ್ದು ಒಂದೇ.

ರುಬ್ಬುವ ದಿನ ದೊಡ್ಡ ಮಳೆ. ಹೋಟೆಲಿನ ಶೀಟಿನ ಮೇಲೆ ಮಳೆ ಬೀಳುವ ಸದ್ದು, ಒಳಗೆ ಗ್ರೈಂಡರಿನ ಸದ್ದು. ಇಬ್ಬರೂ ಕೂಗಿಕೊಂಡೇ ಮಾತಾಡಬೇಕಾಯಿತು. ನಾನು ಮೊದಲಿಗೆ, "ಹೇಗುಂಟು?" ಎಂದು ಕೇಳುತ್ತಿದ್ದೆ. ಅವರು, "ಉಂಟು, ಒಳ್ಳೆದುಂಟು" ಎನ್ನುತ್ತಿದ್ದರು. ಅದರಿಂದ ನನಗೆ ಏನೂ ತಿಳಿಯುತ್ತಿರಲಿಲ್ಲ. ವಾಸನೆಗೆ ನಮ್ಮ ಭಾಷೆಗಳಲ್ಲಿ ಮಾತು ಎಷ್ಟು ಕಡಿಮೆ ಎಂದು ಅರ್ಥವಾದದ್ದು ಆವತ್ತು.

"ಯಾವುದರ ಹಾಗೆ ಉಂಟು, ಅದು ಹೇಳಿ."

ಅವರು ಕಣ್ಣು ಮುಚ್ಚಿದರು. "ಈಗ ಹಸಿ ಹಸಿ ಉಂಟು. ಹಲಸಿನ ಮರ ಕುಯ್ಯುವಾಗ ಬರ್ತದಲ್ಲ, ಹಾಗೆ." ಸ್ವಲ್ಪ ಹೊತ್ತಾದ ಮೇಲೆ, "ಈಗ ಆ ಮರದ್ದು ಹೋಯ್ತು. ಕಬ್ಬಿಣ ಕಾಯಿಸಿ ನೀರಿಗೆ ಹಾಕಿದ ಹಾಗೆ." ಆಮೇಲೆ ತಟ್ಟನೆ ಕಣ್ಣು ತೆರೆದು ನನ್ನ ತೋಳು ಹಿಡಿದರು. "ನಿಲ್ಲಿಸು. ಇದೇ. ನಿನ್ನ ಅತ್ತೆ ಬಟ್ಟಲು ತರುವಾಗ ಗೋಡೆಯಿಂದಾಚೆ ಇರುವಾಗಲೇ ಬರ್ತಿತ್ತಲ್ಲ, ಅದು."

ನಿಲ್ಲಿಸಿದೆ. ನನಗೆ ಮಳೆಯ ಸದ್ದು ಮಾತ್ರ ಕೇಳುತ್ತಿತ್ತು. ಅವರ ಮುಖ ನೋಡಿಯೇ ನಂಬಿದೆ.

ಹೋಟೆಲು ಮತ್ತೆ ತೆರೆದಾಗ ಮೊದಲು ಪಾರ್ಸೆಲ್ ಮಾತ್ರ, ಆಮೇಲೆ ಬೆಂಚಿಗೊಬ್ಬರಂತೆ ಕೂರಿಸಿದೆವು. ಉಪ್ಪಿನಕಾಯಿ ಬಡಿಸಿ ನಾನು ಗಲ್ಲೆಯ ಹಿಂದೆ ನಿಂತು ಜನರ ಮುಖಗಳನ್ನೇ ನೋಡುತ್ತಿದ್ದೆ. ಬಾಯಿ ಏನು ಬೇಕಾದರೂ ಹೇಳುತ್ತದೆ, ಅದು ನನಗೆ ಮನೆಯಲ್ಲೇ ತಿಳಿದಿತ್ತು. ನಾನು ನೋಡಿದ್ದು ಕೈಗಳನ್ನು. ಕೈಗಳು ಉಪ್ಪಿನಕಾಯಿಗೆ ತಿರುಗಿ ತಿರುಗಿ ಬಂದವು, ಮಿಡಿಯ ಓಟೆಯನ್ನು ಚೀಪಿ ಇಟ್ಟವು. ನನಗೆ ಅಷ್ಟು ಸಾಕಿತ್ತು.

ಮೈಮುನಕ್ಕ ವಾರಕ್ಕೊಮ್ಮೆ ಬಂದು ತೆರೆದ ಭರಣಿ ಮೂಸಿ ನೋಡಿ ಹೋಗುತ್ತಿದ್ದರು. ಆ ಭರಣಿಯ ತಳ ಕಾಣುತ್ತಿದ್ದಂತೆ ಇನ್ನೊಂದಕ್ಕೆ ಮಸಾಲೆ ರುಬ್ಬಬೇಕಿತ್ತು. ಆಗ ಒಂದು ಮಧ್ಯಾಹ್ನ ಅಡಿಕೆ ವ್ಯಾಪಾರದ ದಾಮಣ್ಣ ಊಟ ಮುಗಿಸಿ, ಬೇರೆಯವರು ಹೋಗುವವರೆಗೆ ಕಾದು, ಗಲ್ಲೆಯ ಹತ್ತಿರ ಬಂದರು. ಅತ್ತೆಯ ಕಾಲದಿಂದ ಬರುತ್ತಿದ್ದವರು. ನಮ್ಮ ಕಷ್ಟಕಾಲದಲ್ಲಿ ನಿಂತವರು ಕೂಡ.

"ಸರೋಜಕ್ಕ, ಬೇಜಾರು ಮಾಡಬಾರದು. ನನಗೆ ಎಂತದೂ ಇಲ್ಲ. ಜನ ಮಾತಾಡ್ತಾರೆ."

"ಯಾವ ಜನ?"

"ಹಾಗೆ ಹೆಸರು ಹೇಳಲಿಕ್ಕೆ ಆಗ್ತದಾ? ಆ ಹೆಂಗಸು ನಿಮ್ಮ ಅಡಿಗೆಕೋಣೆಗೆ ಬರುವುದು, ಭರಣಿ ಮುಟ್ಟುವುದು... ಈಗಿನ ಕಾಲ ನಿಮಗೆ ಗೊತ್ತುಂಟಲ್ಲ. ನಿಮಗೆ ಆಗದಿದ್ದರೆ ಪ್ಯಾಕೆಟಿನದ್ದು ಹಾಕಿ. ಯಾರೂ ಎಂತದೂ ಹೇಳುವುದಿಲ್ಲ."

"ದಾಮಣ್ಣ, ಇಷ್ಟು ದಿನ ನೀವು ತಿಂದದ್ದು ಅವರು ಮೂಸಿ ಸರಿ ಅಂದ ಉಪ್ಪಿನಕಾಯಿ. ಇವತ್ತೂ ಕೇಳಿ ಎರಡನೇ ಸಲ ಹಾಕಿಸಿಕೊಂಡಿರಿ."

"ಅದು ನನಗೆ ಗೊತ್ತಿರಲಿಲ್ಲ."

"ಈಗ ಗೊತ್ತಾಯಿತು. ನಾಳೆಯೂ ಇದೇ ಉಪ್ಪಿನಕಾಯಿ. ಬರುವುದಾದರೆ ಬನ್ನಿ."

ಅವರು ಕೊಡೆ ತೆಗೆದುಕೊಂಡು ಹೋದರು. ನಮ್ಮವರು ಚಹದ ಒಲೆಯ ಬಳಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಅಷ್ಟು ಖಡಕ್ಕಾಗಿ ಹೇಳುವ ಅಗತ್ಯ ಇತ್ತಾ?" ಎಂದರು. ನಾನು ದಾಮಣ್ಣನ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಭರಣಿಯ ವಿಷಯದಲ್ಲಿ ಆದ ಜಗಳದ ನಂತರ ನಮ್ಮಿಬ್ಬರ ಮಾತು ಬೇಕು ಬೇಡಗಳಿಗೆ ಇಳಿದಿತ್ತು.

ಮಾತು ಗೋಡೆಯ ಆಚೆಗೂ ಹೋಯಿತು. ಸಂಜೆ ಮೈಮುನಕ್ಕನೇ ಕರೆದರು. "ಸರೋಜಾ, ಮಗ ಫೋನ್ ಮಾಡಿದ್ದ. ಯಾರೋ ಅವನಿಗೆ ಅಲ್ಲಿಗೇ ಹೇಳಿದ್ದಾರೆ. ಉಮ್ಮ, ಸುಮ್ಮನೆ ಯಾಕೆ ಅಂತ ಕೇಳ್ತಾನೆ. ಹೆದರಿಕೆ ಅವನಿಗೆ. ನಾನು ಮನೆಯಿಂದಲೇ ನೋಡಿ ಹೇಳ್ತೇನೆ. ನೀನು ಬಟ್ಟಲಿನಲ್ಲಿ ಸ್ವಲ್ಪ ಕಳಿಸು."

"ಬಟ್ಟಲು ನಿಮ್ಮಲ್ಲಿಗೆ ಬರುವ ಹೊತ್ತಿಗೆ ಆ ಗಳಿಗೆ ದಾಟಿರ್ತದೆ ಮೈಮುನಕ್ಕ. ಮೂಗನ್ನು ಪಾರ್ಸೆಲ್ ಮಾಡಲಿಕ್ಕೆ ಆಗುವುದಿಲ್ಲ."

"ಹಾಗಲ್ಲ ಮಾರಾಯ್ತಿ. ನಿನ್ನ ಹೋಟೆಲು ನಡೀಬೇಕು."

"ಯಾವುದರ ಮೇಲೆ ನಡೀಬೇಕು?" ಎಂದು ಕೇಳಿದೆ. "ಒಳಗೆ ಕೂತು ರುಬ್ಬಿದ್ದೇ ತಪ್ಪಾಯಿತು. ಕದ್ದು ಮಾಡುವ ಕೆಲಸದ ಹಾಗೆ ಕಂಡಿತು ಅವರಿಗೆ. ನಾಡಿದ್ದು ಹೊರಗೆ, ಜಗಲಿಯಲ್ಲೇ ರುಬ್ಬುವ. ಊಟದ ಹೊತ್ತಿನಲ್ಲಿ. ನೋಡುವವರು ನೋಡಲಿ."

ಅವರು ಹೂಂ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಒಳಗೆ ಹೋದರು. ನನಗೂ ಹೆದರಿಕೆ ಇರಲಿಲ್ಲವೆಂದಲ್ಲ. ಇತ್ತು. ಅವರು ಬಾರದಿದ್ದರೆ ಒಬ್ಬಳೇ ಜಗಲಿಯಲ್ಲಿ ಕುಳಿತು, ಮೂಗಿಲ್ಲದೆ, ಊರವರ ಎದುರು ಸಾಸಿವೆ ರುಬ್ಬಬೇಕಿತ್ತು. ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡೆ.

ಆ ದಿನ ಬೆಳಿಗ್ಗೆ ನಾನು ಪಲ್ಯಕ್ಕೆ ಹೆಚ್ಚುತ್ತಿದ್ದಾಗ ಜಗಲಿಯಲ್ಲಿ ಏನೋ ಎಳೆಯುವ ಸದ್ದಾಯಿತು. ಹೊರಗೆ ಬಂದು ನೋಡಿದರೆ ನಮ್ಮವರು ಗ್ರೈಂಡರನ್ನು ಗೋಣಿಯ ಮೇಲೆ ಕೂರಿಸಿ, ಇನ್ನೂ ಪೂರ್ತಿ ಗುಣವಾಗದ ಎದೆಯಿಂದ ಏದುಸಿರು ಬಿಡುತ್ತಾ ಎಳೆದು ತಂದಿದ್ದರು. ರಸ್ತೆಗೆ ಸರಿಯಾಗಿ ಕಾಣುವ ಜಾಗದಲ್ಲಿ ಇಟ್ಟು, ವಯರ್ ಎಳೆದು ಸಿಕ್ಕಿಸಿದರು. ಒಳಗಿನಿಂದ ಎರಡು ಕುರ್ಚಿ ತಂದು ಹಾಕಿದರು. ಗಿರಾಕಿಗಳಿಗೆ ಹಾಕುವ ಕುರ್ಚಿಗಳು.

"ಇಲ್ಲಿ ಆಗ್ತದಾ?" ಎಂದು ಕೇಳಿದರು.

"ಆಗ್ತದೆ" ಎಂದೆ. ಬಹಳ ದಿನಗಳ ಮೇಲೆ ಅವರಿಗೆ ನಾನೇ ಚಹ ಮಾಡಿ ಕೊಟ್ಟೆ.

ಊಟದ ಹೊತ್ತಿಗೆ ಮೈಮುನಕ್ಕ ಬಂದರು. ಮದುವೆಗೆ ಉಡುವಂಥ ಒಳ್ಳೆಯ ಸೀರೆ ಉಟ್ಟಿದ್ದರು. ಹಿಂಬದಿಯ ಗೋಡೆಯ ದಾರಿಯಿಂದಲ್ಲ, ರಸ್ತೆಗೆ ಇಳಿದು, ಜಂಕ್ಷನ್ ಸುತ್ತಿ, ಮುಂದಿನ ಮೆಟ್ಟಿಲು ಹತ್ತಿ ಬಂದರು. ಕುರ್ಚಿಯಲ್ಲಿ ಕುಳಿತು ಸೆರಗು ಸರಿಮಾಡಿಕೊಂಡು, "ಹಾಕು" ಎಂದರು.

ಬಸ್ಸಿಗೆ ಕಾಯುವವರು, ರಿಕ್ಷಾದವರು, ಬೆಂಚಿನಲ್ಲಿ ಗಂಜಿ ಉಣ್ಣುತ್ತಿದ್ದವರು ಎಲ್ಲರೂ ನೋಡಿದರು. ಸಾಸಿವೆಯ ಉರಿಗೆ ಎಲ್ಲರ ಕಣ್ಣಿನಲ್ಲಿಯೂ ನೀರು. ಒಬ್ಬ ಲಾರಿಯ ಡ್ರೈವರ್ ಸೀನುತ್ತಲೇ ತಟ್ಟೆ ಹಿಡಿದು ಹತ್ತಿರ ಬಂದು, "ಅಕ್ಕ, ಈಗ ರುಬ್ಬಿದ ಮಸಾಲೆಯೇ ಸ್ವಲ್ಪ ಹಾಕಿ" ಎಂದ. ಇಬ್ಬರು ಎದ್ದು, ಅರ್ಧ ಊಟ ಬಿಟ್ಟು ಹೋದರು. ಅವರು ಯಾರೆಂದು ನಾನು ನೋಡಿದೆ, ಅವರೂ ನಾನು ನೋಡಿದ್ದನ್ನು ನೋಡಿದರು. ಮೈಮುನಕ್ಕ ಯಾವ ಕಡೆಗೂ ತಿರುಗದೆ ಕಣ್ಣು ಮುಚ್ಚಿ ಕುಳಿತು, "ಮರ ಉಂಟು... ಇನ್ನೂ ಮರ ಉಂಟು... ಕಬ್ಬಿಣ ಬಂತು... ನಿಲ್ಲಿಸು" ಎಂದರು.

ದಾಮಣ್ಣ ಮತ್ತೆ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಮದುವೆ ಮನೆಗಳಲ್ಲಿ ಸಿಕ್ಕಿದರೆ ಸೌಖ್ಯವಾ ಎಂದು ಕೇಳುತ್ತಾರೆ, ನಾನೂ ಕೇಳುತ್ತೇನೆ. ಇನ್ನೂ ಕೆಲವರು ಬರುವುದನ್ನು ಬಿಟ್ಟರು. ಮಧ್ಯಾಹ್ನ ಕೆಲವು ಬೆಂಚುಗಳು ಖಾಲಿ ಉಳಿದ ದಿನಗಳಿದ್ದವು. ಆ ಖಾಲಿ ಬೆಂಚುಗಳನ್ನೂ ನಾನು ದಿನಾ ಒರೆಸಿದೆ. ಜಗಲಿಯಲ್ಲಿ ರುಬ್ಬುವುದನ್ನು ಮಾತ್ರ ನಿಲ್ಲಿಸಲಿಲ್ಲ.

ದೀಪಾವಳಿಯ ಹೊತ್ತಿಗೆ ವಾಸನೆ ಬಂತು, ಆದರೆ ಸೊಟ್ಟಗಾಗಿ ಬಂತು. ಕಾಫಿ ಸೀಮೆಎಣ್ಣೆಯ ಹಾಗೆ, ಈರುಳ್ಳಿ ಹುರಿದರೆ ಟಯರ್ ಸುಟ್ಟ ಹಾಗೆ. ನನ್ನದೇ ಉಪ್ಪಿನಕಾಯಿ ಮೂಗಿನ ಹತ್ತಿರ ತಂದರೆ ವಾಕರಿಕೆ. ಏನೂ ಇಲ್ಲದಿದ್ದಾಗ ಅತ್ತಿರಲಿಲ್ಲ, ಆಗ ಅತ್ತುಬಿಟ್ಟೆ. ಮೈಮುನಕ್ಕ ಕೇಳಿ, "ಹಾಳಾಗಿಯಾದರೂ ಬಂತಲ್ಲ, ಬಾಗಿಲು ತೆರೆದಿದೆ" ಎಂದರು. ಆಮೇಲೆ ದಿನಾ ಬೆಳಿಗ್ಗೆ ಗೋಡೆಯ ಎರಡು ಬದಿಯಲ್ಲಿ ನಿಂತು ಪಾಠ. ಅವರು ಲವಂಗ, ಲಿಂಬೆ ಎಲೆ, ಇಂಗು, ಉಪ್ಪಿನ ಮಿಡಿ ಒಂದೊಂದಾಗಿ ನನ್ನ ಮೂಗಿನ ಕೆಳಗೆ ಹಿಡಿದು ಅದರ ಹೆಸರು ಹೇಳುತ್ತಿದ್ದರು. ನಾನು ಕಣ್ಣು ಮುಚ್ಚಿ ಆ ಹೆಸರನ್ನು ಎಳೆದುಕೊಳ್ಳುತ್ತಿದ್ದೆ. ಚಳಿ ಮುಗಿಯುವ ಹೊತ್ತಿಗೆ ಲಿಂಬೆ ಲಿಂಬೆಯಾಯಿತು, ಆಮೇಲೆ ಇಂಗು. ಮಲ್ಲಿಗೆ ನನಗೆ ಇವತ್ತಿಗೂ ಸರಿಯಾಗಿ ಬರುವುದಿಲ್ಲ. ಬಾರದಿದ್ದರೆ ಬೇಡ, ಮಲ್ಲಿಗೆಯಿಂದ ನನ್ನ ಹೋಟೆಲು ನಡೆಯುವುದಿಲ್ಲ.

ಮುಂದಿನ ಬೇಸಗೆಯಲ್ಲಿ ಸೇಸಪ್ಪಣ್ಣ ಮಿಡಿಯ ಬುಟ್ಟಿ ಇಳಿಸಿ ಬಟ್ಟೆ ತೆಗೆದಾಗ, ಆ ಸೊನೆಯ ವಾಸನೆ ಗಂಟಲವರೆಗೆ ಇಳಿಯಿತು. ನಾನು ಬುಟ್ಟಿಯ ಪಕ್ಕದಲ್ಲೇ ಕುಳಿತುಬಿಟ್ಟೆ. ಅವರು ಗಾಬರಿಯಾಗಿ ನೀರು ತರಲು ಹೋದರು.

ವಿಷಯ ತಿಳಿದು ವನಜ ಫೋನ್ ಮಾಡಿದಳು. ಸಂತೋಷಪಟ್ಟಳು. ಆಮೇಲೆ, "ಇನ್ನು ಅವರನ್ನು ಕರೆಯುವುದು ಬೇಡ ಅಲ್ವಾ ಅತ್ತಿಗೆ? ಹೋದ ಗಿರಾಕಿಗಳೂ ತಿರುಗಿ ಬರ್ತಾರೆ. ನಿಮ್ಮ ಮೂಗು ಸರಿಯಾಯಿತು ಅಂದರೆ ಅವರಿಗೂ ಅರ್ಥ ಆಗ್ತದೆ" ಎಂದಳು.

"ನನ್ನ ಮೂಗು ಬಂತು ಅಂತ ಅವರ ಮೂಗು ಎಲ್ಲಿಗೆ ಹೋಗಬೇಕು ವನಜಾ?" ಎಂದು ಕೇಳಿ ಫೋನ್ ಇಟ್ಟೆ.

ಮಿಡಿ ಉಪ್ಪು ಕುಡಿದು ಸುಕ್ಕಾದ ಮೇಲೆ ಜಗಲಿಯಲ್ಲಿ ಗ್ರೈಂಡರ್ ಇಟ್ಟೆವು. ಮೈಮುನಕ್ಕ ತಮ್ಮ ಕುರ್ಚಿಯಲ್ಲಿ, ನಾನು ನನ್ನದರಲ್ಲಿ. ಸಾಸಿವೆ ತಿರುಗತೊಡಗಿತು. ಹಲಸಿನ ಮರ ಹೌದು, ನನಗೂ ಬಂತು. ಕಾದ ಕಬ್ಬಿಣವೂ ಬಂತು. ಮೈಮುನಕ್ಕ ಕೈ ಎತ್ತಿ, "ನಿಲ್ಲಿಸು" ಎಂದರು.

"ಇಲ್ಲ. ಇನ್ನು ಸ್ವಲ್ಪ ಬೇಕು" ಎಂದೆ.

"ಸಾಕು ಅಂತ ಹೇಳ್ತೇನೆ. ಕಳೆದ ವರ್ಷ ಇಷ್ಟಕ್ಕೇ ನಿಲ್ಲಿಸಿದ್ದು."

"ಕಳೆದ ವರ್ಷ ನನಗೆ ಮೂಗು ಇರಲಿಲ್ಲ. ಈಗ ಉಂಟು. ಇದು ಇನ್ನೂ ಹಸಿ."

"ಎಲ್ಲಿ ಹಸಿ? ನಿನ್ನ ಮೂಗು ಇನ್ನೂ ಸರಿಯಾಗಲಿಲ್ಲ."

"ನಿಮ್ಮದಕ್ಕೆ ವಯಸ್ಸಾಯಿತು."

ಅವರು ಎದ್ದು ನಿಂತರು. ನಾನೂ ಎದ್ದೆ. ನಮ್ಮವರು ಚಹದ ಪಾತ್ರೆ ಹಿಡಿದು ನಮ್ಮಿಬ್ಬರ ಮುಖ ನೋಡಿ, ಬಾಯಿ ಹಾಕದೆ ಒಳಗೆ ಹೋದರು. ಗ್ರೈಂಡರ್ ತಿರುಗುತ್ತಲೇ ಇತ್ತು. ಗಂಜಿಗೆ ಕಾದವರು ಕಾದರು.